ರೊಟ್ಟಿಯ ತಳದಲ್ಲಿ ಇಸವಿ

ಸೇತುವೆ ಕಟ್ಟಿದ್ದು ಯಾವಾಗ ಎಂದು ಕೇಳಿಕೊಂಡು
ಯಾನಿನಾ ಪಟ್ಟಣದಿಂದ ಒಬ್ಬರು ಬಂದರು,
ಕೈಯಲ್ಲಿ ಅಳತೆಯ ಪಟ್ಟಿ, ಬಗಲಲ್ಲಿ ಛತ್ರಿ.
ಊರಲ್ಲಿ ಆಗ ಉಳಿದಿದ್ದವರು ಹನ್ನೊಂದು ಜನ.
ಹನ್ನೊಂದು ಉತ್ತರ ಸಿಕ್ಕವು.

ಉಪ್ಪಿನ ವ್ಯಾಪಾರಿಯ ದುಡ್ಡು ಅದು, ಎಂದ ಥೀಮಿಯೋಸ್.
ಏಳು ಹೇಸರಗತ್ತೆ, ಹದಿನಾಲ್ಕು ಮೂಟೆ
ಒಂದೇ ಬೆಳಗ್ಗೆ ಹೊಳೆಪಾಲು.
ದಡದಲ್ಲಿ ಕೂತು, ಒದ್ದೆ ಟೋಪಿ ಹಿಂಡುತ್ತಾ
ಆತ ಲೆಕ್ಕ ಹಾಕಿದ:
ಇನ್ನೆರಡು ಸಲ ಹೀಗೆ ಮುಳುಗುವ ದುಡ್ಡಿಗೆ
ಒಂದು ಸೇತುವೆಯೇ ಆಗುತ್ತದೆ.
ಪುಣ್ಯವಲ್ಲ ಸ್ವಾಮಿ, ಲೆಕ್ಕ.

ಕಲ್ಲಿಯೋಪಿ ಅಜ್ಜಿಗೆ ವ್ಯಾಪಾರಿಯ ಸುದ್ದಿ ಬೇಡ.
ಗಾರೆಗೆ ನಮ್ಮ ಆಡುಗಳ ಕೂದಲು ಹಾಕಿದರು,
ಬೋಳಾದ ಆಡುಗಳು ಆ ಚಳಿಗಾಲವಿಡೀ ನಡುಗಿದವು,
ಅದನ್ನು ಬರಕೊಳ್ಳಿ, ಎಂದಳು.
ಬರಕೊಂಡರು.

ಕಮಾನಿನ ಕೆಳಗಿನ ಮರದ ಚೌಕಟ್ಟು ಬಿಚ್ಚುವ ಹಿಂದಿನ ರಾತ್ರಿ
ಹಿರಿಯ ಮೇಸ್ತ್ರಿ ಓಡಿಹೋದನಂತೆ.
ಮೂರು ದಿನ ಗಿರಣಿಯ ಹಿಟ್ಟಿನ ಕೋಣೆಯಲ್ಲಿ ಅಡಗಿದ್ದು,
ಬೀಳಲಿಲ್ಲ ಎಂದು ಗೊತ್ತಾದ ಮೇಲೆ
ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಬಂದು
ಕೂಲಿ ಕೇಳಿದ.

ಎರಡು ಕಮಾನು ಇತ್ತಲ್ಲ, ಚಿಕ್ಕದು ಏನಾಯಿತು?
ಯುದ್ಧದಲ್ಲಿ ಹೋಯಿತು.
ಯಾವ ಯುದ್ಧ?
ಹೊರಗಿನವರು ಹೋದ ಮೇಲೆ
ನಾವು ನಾವೇ ಮಾಡಿಕೊಂಡದ್ದು.
ಮದ್ದಿಟ್ಟವರು ಯಾರು?
ಇದೊಂದಕ್ಕೆ ಹನ್ನೊಂದು ಜನರಲ್ಲೂ ಒಂದೇ ಉತ್ತರವಿತ್ತು.
ಹನ್ನೊಂದು ಜನರೂ ಹೊಳೆಯ ಕಡೆ ನೋಡಿದರು.

ಇಸವಿ ಕೆತ್ತಿದ ಕಲ್ಲು ಕೆಳಗೆ ಬಿದ್ದದ್ದು ಆವತ್ತೇ.
ಅಜ್ಜಿ ಅದನ್ನು ಬೆನ್ನಿಗೆ ಕಟ್ಟಿ ತಂದು
ಒಲೆಯ ನೆಲಕ್ಕೆ ಹಾಸಿದಳು.
ಚಪ್ಪಟೆ ಕಲ್ಲು, ಒಳ್ಳೆಯ ಕಲ್ಲು,
ಅವಳಿಗೆ ಓದು ಬರುತ್ತಿರಲಿಲ್ಲ.
ಅಂದಿನಿಂದ ನಡುವಿನ ರೊಟ್ಟಿಯ ತಳಕ್ಕೆ
ಅಕ್ಷರಗಳು ಉಬ್ಬಿ ಬರುತ್ತವೆ, ಎಡಬಲ ತಿರುಗಿ.
ನಾನು ಅಂಕಿ ಕಲಿತದ್ದು ಹಾಗೆ.
ಶಾಲೆಯಲ್ಲಿ ಏಳನ್ನು ಉಲ್ಟಾ ಬರೆದು ಪೆಟ್ಟು ತಿಂದೆ.

ಅಮ್ಮ ಬಂದವರ ಮುಂದೆ ರೊಟ್ಟಿ, ಗಿಣ್ಣು, ಈರುಳ್ಳಿ ಇಟ್ಟಳು.
ಹಸಿದಿದ್ದರು ಪಾಪ, ಬಸ್ಸಿಳಿದು ಆರು ಮೈಲಿ ನಡೆದವರು.
ಮುರಿದು ತಿಂದರು,
ಆಮೇಲೆ ಬೆರಳಿಗೆ ಏನೋ ತಡೆದು
ತಿರುಗಿಸಿ ನೋಡಿದರು.
ಅಪ್ಪ ಕ್ಷೌರ ಮಾಡಿಕೊಳ್ಳುವ ಕನ್ನಡಿ ಇಳಿಸಿ
ಎದುರು ಹಿಡಿದರು:
ಒಂದು, ಏಳು, ಎಂಟು...
ಕೊನೆಯ ಅಂಕಿ ಅವರ ಬಾಯಲ್ಲಿತ್ತು.

ಅಗಿಯುವುದು ನಿಂತಿತು.
ಅಮ್ಮ ನಕ್ಕಳು. ಒಲೆ ಇನ್ನೂ ಸುಡುತ್ತಿದೆ,
ತಲೆ ಹಾಕಬೇಡಿ, ಶನಿವಾರ ಬನ್ನಿ ಎಂದಳು,
ಮತ್ತೆ ಸುಡುತ್ತೇನೆ.
ಶನಿವಾರದ ತನಕ ಅವರಿಗೆ ರಜೆ ಇರಲಿಲ್ಲ.

ಹೊರಟಾಗ ಜೊತೆಗೆ ಸೇತುವೆಯವರೆಗೆ ಹೋದೆ.
ದೊಡ್ಡ ಕಮಾನು ದಾಟಿ,
ಚಿಕ್ಕದಿದ್ದ ಜಾಗದ ಮರದ ಹಲಗೆಯ ಮೇಲೆ
ಒಂದು ಗಳಿಗೆ ನಿಂತರು. ನನ್ನ ಮುಖ ನೋಡಿದರು.
ಕೇಳಬೇಕೆಂದಿದ್ದರೇನೋ.
ಹಲಗೆ ಕಿರುಗುಟ್ಟಿತು, ನಡೆದುಬಿಟ್ಟರು.

ಛತ್ರಿ ನಮ್ಮಲ್ಲೇ ಉಳಿಯಿತು.
ಈಗಲೂ ಇದೆ, ಬಾಗಿಲ ಹಿಂದೆ.