ಭೋಂಗಾ

ಒಂಬತ್ತನೆಯ ಪಾಠ: ಯುರೋಪು,
ಪ್ರಾಚೀನ ಕಾಲದಿಂದ ಪುನರುಜ್ಜೀವನದವರೆಗೆ.
ಒಟ್ಟು ಹದಿಮೂರು ಪುಟ.
ಪುಟ ಮಗುಚುವಾಗ ಎರಡು ಹಾಳೆ ಅಂಟಿಕೊಂಡರೆ
ಒಂದಿಡೀ ಶತಮಾನ ಓದದೆಯೇ ದಾಟಿಹೋಗುತ್ತದೆ.

ಸೊಲ್ಲಾಪುರ. ಸಾಖರ ಪೇಟೆಯ ಹಿಂದೆ ತಗಡಿನ ಕೋಣೆ.
ಕನ್ನಡ ರಾತ್ರಿಶಾಲೆಗೆ ಉಳಿದವರು ಏಳು ಜನ.
ಗೋಡೆಯಾಚೆ ಹನ್ನೆರಡು ಮಗ್ಗ, ಖಟಾಖಟ್, ಖಟಾಖಟ್.
ನಾನು ಕೂಗಿ ಕೂಗಿ ರೋಮು ಕಟ್ಟುತ್ತೇನೆ,
ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗುವಷ್ಟರಲ್ಲಿ
ಅದು ಕೆಡವಿಬಿಡುತ್ತದೆ.

ಆಮೇಲೆ ಕರೆಂಟು ಹೋಯಿತು.
ಮಗ್ಗಗಳ ಮಾತು ಅರ್ಧದಲ್ಲೇ ನಿಂತಿತು.
ಅಷ್ಟು ದೊಡ್ಡ ನಿಶ್ಶಬ್ದದಲ್ಲಿ ರೇವಣಸಿದ್ಧ ಬಿರಾಜದಾರ ಕೇಳಿದ:
"ಸರ, ರೋಮ ಬಿದ್ದಿದ್ದು ಯಾ ವಾರರೀ?"

ಎಲ್ಲರೂ ನಕ್ಕರು. ನಾನು ನಗಲಾಗಲಿಲ್ಲ.
ನಮ್ಮಪ್ಪ ಹಳೆ ಗಿರಣಿಯಲ್ಲಿ ಭೋಂಗಾ ಎಳೆಯುತ್ತಿದ್ದ.
ಅವನ ಕೈ ಕೆಳಗಿಳಿದರೆ
ಅರ್ಧ ಊರಿನ ಕಣ್ಣು ಮೇಲೇಳುತ್ತಿತ್ತು.
ಗಿರಣಿ ಮುಚ್ಚಿತೆಂದು ಯಾರೂ ಡಂಗುರ ಸಾರಲಿಲ್ಲ.
ಒಂದು ಬೆಳಿಗ್ಗೆ ಭೋಂಗಾ ಆಗಲಿಲ್ಲ, ಅಷ್ಟೆ.
ಆದರೂ ನಾಲ್ಕೂವರೆಗೆ ಪೇಟೆ ಎದ್ದು ಕೂತಿತು,
ಡಬ್ಬಿಗೆ ರೊಟ್ಟಿ ಕಟ್ಟಿತು, ಗೇಟಿನ ತನಕ ನಡೆಯಿತು,
ಮರುದಿನವೂ ನಡೆಯಿತು.
ರೋಮು ಬಿದ್ದದ್ದೂ ಹೀಗೇ ಇರಬೇಕು ರೇವಣಸಿದ್ಧ,
ಬಿದ್ದಿದೆಯೆಂದು ಗೊತ್ತಾಗದವರು
ಎಷ್ಟೋ ವರ್ಷ ಅದರೊಳಗೇ ಎದ್ದು ಮುಖ ತೊಳೆದರು.

ಮೇಣದಬತ್ತಿ ಬಂತು. ಪುಸ್ತಕ ಮುಚ್ಚಿ ಹೇಳಿದೆ:

ಅವರ ಹೊತ್ತು ರಬ್ಬರಿನಂಥದು.
ಹಗಲನ್ನು ಹನ್ನೆರಡು ಪಾಲು ಮಾಡಿ
ಬೇಸಿಗೆಯಲ್ಲಿ ಪಾಲು ಉದ್ದ, ಚಳಿಯಲ್ಲಿ ಗಿಡ್ಡ.
ನೆರಳು ಕಲ್ಲಿನ ಮೇಲೆ ತೆವಳುತ್ತಿತ್ತು,
ಗುಲಾಮ ನೆರಳಿನೊಂದಿಗೆ.
ಆಮೇಲೆ ಮಠಗಳ ಗಂಟೆ. ಪ್ರಾರ್ಥನೆಗೆ ಎದ್ದು, ಪ್ರಾರ್ಥನೆಗೆ ಮಲಗಿ,
ನಡುವೆ ಧಣಿಯ ಹೊಲ ಉತ್ತು.
ಗುಲಾಮ ಹೋಗಿ ಒಕ್ಕಲಾದ.
ಸರಪಳಿ ಬಿಚ್ಚಿ ಅವನನ್ನು ನೆಲಕ್ಕೇ ಕಟ್ಟಿದ್ದರು.
ಆಮೇಲೆ ಪೇಟೆಗಳು ಬೆಳೆದವು, ಉಣ್ಣೆ ಬಂತು,
ನಿಮ್ಮಂಥವರು ಬಂದರು.
ನೇಕಾರರಿಗೆಂದೇ ಒಂದು ಬೇರೆ ಗಂಟೆ ತೂಗಿದರು.
ಅದು ದೇವರನ್ನು ಕರೆಯುತ್ತಿರಲಿಲ್ಲ.

"ನಮ್ಮ ಭೋಂಗಾ!" ಅಂದ ಯಾರೋ ಕತ್ತಲಲ್ಲಿ.

ಹೌದು. ಅದರ ಹಗ್ಗಕ್ಕೆ ನೇಕಾರನ ಕೈ ತಾಗಬಾರದು.
ತಾಗಿದರೆ ಅದು ಕೆಲಸಕ್ಕೆ ಕರೆಯುವುದಿಲ್ಲ,
ದಂಗೆಗೆ ಕರೆಯುತ್ತದೆ; ಧಣಿಗಳಿಗೆ ಅದು ಗೊತ್ತಿತ್ತು.
ಪಿಡುಗು ಬಂದು ಊರು ಅರ್ಧ ಖಾಲಿಯಾದಾಗ
ಉಳಿದ ಕೈಗಳು ಕೂಲಿ ಹೆಚ್ಚು ಕೇಳಿದವು,
ಕೇಳಬಾರದೆಂದು ಕಾನೂನು ಬಂತು.
ಫ್ಲಾರೆನ್ಸಿನಲ್ಲಿ ಒಂದು ಬೇಸಿಗೆ
ಉಣ್ಣೆ ಹಿಂಜುವವರು ಅರಮನೆಗೇ ನುಗ್ಗಿ
ತಮಗೂ ಒಂದು ಸಂಘ ಬೇಕೆಂದು ಬರೆಸಿಕೊಂಡರು.
ಆ ಬೇಸಿಗೆ ಮುಗಿಯುವ ಮೊದಲೇ ಅದನ್ನು ಅಳಿಸಿದರು.
ಇದು ನಿಮ್ಮ ಪುಸ್ತಕದಲ್ಲಿಲ್ಲ. ಪರೀಕ್ಷೆಗೆ ಬರುವುದಿಲ್ಲ.
ಆದರೂ ಬರೆದುಕೊಳ್ಳಿ.

ಆ ಹೊತ್ತಿಗೆ ಗೋಪುರದಲ್ಲಿ ಗಡಿಯಾರ ಕೂತಾಗಿತ್ತು.
ಎಲ್ಲ ತಾಸೂ ಒಂದೇ ಅಳತೆ,
ಜನವರಿಗೂ ಮೇಗೂ, ಹಗಲಿಗೂ ಇರುಳಿಗೂ.
ಅಲ್ಲಿಂದಲೇ ಹೊತ್ತಿಗೆ ಬೆಲೆ ಕಟ್ಟುವುದು ಸಲೀಸಾಯಿತು.
ಪುಸ್ತಕ ಹೇಳುತ್ತದೆ: "ಇದೇ ಸುಮಾರಿಗೆ ಮನುಷ್ಯನು
ತನ್ನನ್ನು ತಾನು ಕಂಡುಕೊಂಡನು."

ಗೌರಾಬಾಯಿ ಹತ್ತೂರೆ ಇಷ್ಟು ಹೊತ್ತೂ
ತಲೆ ತಗ್ಗಿಸಿಯೇ ಕೂತಿದ್ದಳು,
ಮಡಿಲಲ್ಲಿ ಟಾವೆಲ್ಲು, ಬೆರಳಿಗೆ ಸೂಜಿ,
ದೀಪ ಸಾಲದೆ ಅಂಚನ್ನು ತಡವಿಯೇ ಹೊಲಿಯುತ್ತ.

"ಎಲ್ಲಾ ಖರೇನ ಅದ ಸರ. ಮಠದ ಗಂಟಿ, ಧಣಿ ಗಂಟಿ,
ನಿಮ್ಮಪ್ಪನ ಭೋಂಗಾ.
ಆದ್ರ ನನಗ ಯಾ ಗಂಟಿರೀ?
ಮನ್ಯಾಗ ಕುಂತು ಹೊಲೀತೀನಿ, ಡಜನ್ನಿಗಿ ಇಷ್ಟು ಅಂತ.
ಎದ್ದಾಗ ಸುರು, ಕಣ್ಣು ಸೋತಾಗ ಬಂದ್."

ಉತ್ತರ ಹುಡುಕುತ್ತ ಪುಟ ತೆರೆದೆ.
ಫಕ್ಕನೆ ಬಲ್ಬು ಹತ್ತಿತು. ಗೋಡೆಯಾಚೆ
ಹನ್ನೆರಡು ಮಗ್ಗ ಒಟ್ಟಿಗೆ ಕೆಮ್ಮಿ ಹೊರಟವು.
ಹುಡುಗರು ಎದ್ದರು, ಪಾಳಿ ಇತ್ತು.

ಅವಳು ಟಾವೆಲ್ಲು ಎಣಿಸಿ ಗಂಟು ಕಟ್ಟಿ
ಬಾಗಿಲಲ್ಲಿ ನಿಂತು, ಮಗ್ಗಕ್ಕಿಂತ ಜೋರಾಗಿ:
"ದೀಪ ಇದ್ದಿದ್ರ ಎರಡು ಡಜನ್ ಆಗ್ತಿತ್ತು ಸರ ಇವತ್ತಿನ ಪಾಠ.
ಉಳಿದದ್ದು ನಾಳೆ ಹೇಳ್ರಿ,
ಒಂದೂವರಿ ಡಜನ್ನಿನ್ಯಾಗ ಮುಗಸ್ರಿ."