ಘಾಟು

ಬ್ಯಾಡಗಿ ಪ್ಯಾಟ್ಯಾಗ ಕೆಮ್ಮು ಯಾರ ಲೆಕ್ಕಕ್ಕೂ ಇಲ್ಲ.
ಹಮಾಲ ಕೆಮ್ಮತಾನ, ದಲಾಲ ಕೆಮ್ಮತಾನ,
ತೂಕದ ಕಾಟಾ ಒಂದ ಸುಮ್ಮನಿರತೈತಿ.

ತುಂಬು ಬಿಡಸಾಕ ಕುಂತ ನಾವು
ಮೆಣಸಿನಕಾಯಿಗಂತ ಬಿಗದ ಸೆರಗ
ಚಾ ಬಂದಾಗ ಸಡ್ಲ ಮಾಡಿದ್ವಿ.
ಒಂದ ಬಸಿ, ಇಬ್ಬರ ತುಟಿ.
‘ಘಾಟ ಬಿಡವಾ’ ಅಂದ್ಲು ಮಾಲನಬಿ, ಮೂಗ ಒರಸಕೋತ.
ಹೂಂ ಅಂದೆ.

ಘಾಟಾಗಿದ್ರ ಪ್ಯಾಟಿ ಗೇಟಿನ್ಯಾಗ ನಿಲ್ಲತಿತ್ತು.
ಇದು ನನ್ನ ಸಂಗಾಟ ಬಸ್ ಹತ್ತಿ
ಮೋಟೆಬೆನ್ನೂರಿಗೆ ಬಂತು.
ರಾತ್ರಿ ಮೈ ಕೆಂಡ,
ಗಂಟಲದಾಗ ಗರಗಸ.

‘ಆಯೀ, ಕೌದ್ಯಾಗ ಬರಲ್ಯಾ?’
ಹೊಸ್ತಿಲದಾಗ ಮೊಮ್ಮಗಳು.
ಮೊದಲ ಸಲ ಮನ್ಯಾಗ ಸೆರಗ ಬಿಗದು
ಬ್ಯಾಡಂತ ಕೈ ಮಾಡಿದೆ.

ಅಲ್ಲೇ ಕುಂತು
ನನ್ನಂಗ ಕೆಮ್ಮಿ ನಕ್ಕಳು.
ದೀಪ ಆರಿದ ಮ್ಯಾಲೆ ಮತ್ತೊಂದ ಸಲ ಕೆಮ್ಮಿದಳು.
ನಗಲಿಲ್ಲ.