ಮೈನಸ್ ಎಂಬತ್ತು

ಡೈರಿ ಕಟ್ಟೆಯ ಮೇಲೆ ಕೂರಿಸಿ ಅವನ ರಕ್ತ ತೆಗೆದಿದ್ದೆ,
ಬಸರಾಳಿನ ಆಚೆ, ಇನ್ನೂ ಏಳು ಗಂಟೆಯಾಗಿರಲಿಲ್ಲ.
ಖಾಲಿ ಹೊಟ್ಟೇಲಿರಿ ಅಂತ ಹಿಂದಿನ ದಿನವೇ ಹೇಳಿಬಂದಿದ್ದೆ.
'ಟೀನೂ ಕುಡಿದಿಲ್ಲ ಕಣವ್ವ, ಬೀಡಿ ಒಂದೇ'
ಅಂದ ಬೆಟ್ಟಸ್ವಾಮಿ, ತೋಳು ಚಾಚಿ.

ಆಲೆಮನೆಯಲ್ಲಿ ಪಾಕದ ಹದ ಹಿಡಿಯುವವನು.
ಕುದಿವ ಕೊಪ್ಪರಿಗೆಯಿಂದ ಒಂದೆಳೆ ಎತ್ತಿ ನೀರಿಗೆ ಬಿಟ್ಟು
ಎರಡು ಬೆರಳಲ್ಲಿ ಉರುಟಿ
'ಇಳುಕ್ರಪ್ಪ' ಅಂದರೆ ಇಳಿಸಬೇಕು, ಆ ಕ್ಷಣವೇ.
ಆ ಬೆರಳಿಗೆ ಬಿಸಿ ತಿಳಿಯುವುದು ನಿಂತು ಎರಡು ವರ್ಷ.
ನಮ್ಮ ಪ್ರಶ್ನಾವಳಿಯಲ್ಲಿ ಅದಕ್ಕೊಂದು ಚೌಕವಿದೆ,
ಗುರುತು ಹಾಕಿದೆ.

ಸಕ್ಕರೆ ಮುನ್ನೂರ ಹನ್ನೆರಡು ಎಂದಾಗ ನಕ್ಕುಬಿಟ್ಟ:
'ಮೂವತ್ತು ವರ್ಸ ಬೆಲ್ಲದ ಹಬೆ ಕುಡಿದೋನು ಕಣವ್ವ,
ಸಕ್ರೆ ಇರದೆ ಉಪ್ಪಿದ್ದಾತಾ?'

ನಮ್ಮದು ದೊಡ್ಡ ವಿಶ್ವವಿದ್ಯಾಲಯ, ಮೈಸೂರಿನ ರಿಂಗ್ ರಸ್ತೆಗೆ ಆತುಕೊಂಡು.
ಬಾಗಿಲಲ್ಲಿ ಹನ್ನೊಂದು ದೇಶದ ಬಾವುಟ.
ಮಾಸಿದಾಗ ಮಾಲಿ ದೊರೆಸ್ವಾಮಿ ಇಳಿಸಿ ಒಗೆಯುತ್ತಾನೆ,
ಒಂದನ್ನು ತಲೆಕೆಳಗಾಗಿ ಏರಿಸಿದ್ದ, ಮೂರು ದಿನ ಯಾರೂ ನೋಡಲಿಲ್ಲ.
ಒಳಗೆ ಯಂತ್ರ ಗಿರ್ರನೆ ತಿರುಗಿ ರಕ್ತವನ್ನು ಬೇರ್ಪಡಿಸುತ್ತದೆ,
ಕೆಂಪು ತಳಕ್ಕೆ, ಮೇಲೆ ತಿಳಿ ಹಳದಿ,
ಬೆಲ್ಲ ಕದಡಿದ ನೀರಿನ ಬಣ್ಣ.
ಆಮೇಲೆ ಹೆಸರು ಕಳಚಿ ಸಂಖ್ಯೆ ಅಂಟಿಸಿ
ಮೈನಸ್ ಎಂಬತ್ತರಲ್ಲಿ ಇಡುತ್ತಾರೆ.

ಮೂರನೇ ವರ್ಷ ಅದೇ ಮನೆಗೆ ಹೋದೆ.
ಫಾರಂನ ಮೊದಲ ಸಾಲೇ: ಬದುಕಿದ್ದಾರೆ / ಇಲ್ಲ.
ಸಿದ್ದಾಜಮ್ಮ ಹುರುಳಿ ಕೇರುತ್ತಿದ್ದಳು. ನನ್ನ ಪೆನ್ನು ನೋಡಿಯೇ
'ಶಿವರಾತ್ರಿಗೆ ಮುಂಚೆ' ಅಂದಳು, 'ಕಾಲಿಂದ ಸುರುವಾಯ್ತು.'
ಬರೆದುಕೊಂಡೆ. ಮೊರ ನಿಂತಿತು.
'ಅವತ್ತು ತಗೊಂಡೋದ್ಯಲ್ಲ, ಅದೆಲ್ಲದೆ?'
ಮೈಸೂರಲ್ಲಿದೆ, ತಣ್ಣಗಿನ ಪೆಟ್ಟಿಗೇಲಿ.
'ಕೆಟ್ಟಿಲ್ವಾ?'
ಇಲ್ಲ. ಇಪ್ಪತ್ತು ವರ್ಷ ಕೆಡಲ್ಲ.
'ಅಂಗಾರೆ ನಾವು ಬದೀಲಿ ಮಣ್ಣು ಮಾಡಿದ್ದು
ಪೂರ್ತಿ ಆಳಲ್ಲ ಅನ್ನು.'

ಇದಕ್ಕೆ ಯಾವ ಚೌಕಕ್ಕೆ ಗುರುತು ಹಾಕಲಿ?

ಕಣ್ಣು ತೋರಿಸಲು ಬಂದವಳು, ಒಂದು ಬುಧವಾರ,
ಗೇಟಿನಲ್ಲಿ ನನ್ನ ಹೆಸರು ಹೇಳಿ ಕಾದಿದ್ದಾಳೆ,
ಮಡಿಲಲ್ಲಿ ಪೇಪರಿನಲ್ಲಿ ಸುತ್ತಿದ ಬೆಲ್ಲದಚ್ಚು.
ಲ್ಯಾಬಿಗೆ ತಿನ್ನುವ ವಸ್ತು ಒಯ್ಯುವಂತಿಲ್ಲ;
ಅಚ್ಚು ಗಾರ್ಡಿನ ಮೇಜಿನ ಮೇಲುಳಿಯಿತು.
ಕಾರಿಡಾರಿನ ಗಾಜಿನಾಚೆಯಿಂದ ತೋರಿಸಿದೆ:
ಬಿಳಿಯ ಪೆಟ್ಟಿಗೆ ಆರು, ಗುಂಯ್ಗುಡುತ್ತ.
ಯಾವುದರಲ್ಲಿ ಅಂದಳು.
ಗೊತ್ತಿಲ್ಲ ಅಂದೆ. ಗೊತ್ತಿರಕೂಡದು, ಅದು ನಿಯಮ.
ಮಾಲ್ಡೀವ್ಸಿನ ಹುಡುಗಿ ಐಶಾತ್ ಗ್ಲೌಸು ಕಳಚುತ್ತ ಬಂದು
ತನಗೆ ಬರುವ ಒಂದೇ ಕನ್ನಡ ಪದ 'ಬನ್ನಿ' ಎಂದು
ಕುರ್ಚಿ ಎಳೆದು ಕೊಟ್ಟಳು.

ಹೇಳಲೇಬೇಕಿತ್ತು, ಹೇಳಿದೆ:
ಬೇಡವೆಂದು ಒಂದು ರುಜು ಹಾಕಿದರೆ
ನಂಬರು ಹುಡುಕಿ ತೆಗೆದು ಸುಟ್ಟುಬಿಡುತ್ತಾರೆ,
ನಿಮಗೆ ಆ ಹಕ್ಕಿದೆ.
ಬಹಳ ಹೊತ್ತು ಸುಮ್ಮನಿದ್ದಳು. ಔಷಧಿ ಬಿಟ್ಟು ಅಗಲಿಸಿದ
ಪಾಪೆಗಳಲ್ಲಿ ಆ ಆರು ಪೆಟ್ಟಿಗೆಗಳು
ಎಷ್ಟಾಗಿ ಕಾಣುತ್ತಿದ್ದವೋ.
'ಬ್ಯಾಡ, ಇರ್ಲಿ ಬುಡು.
ಬಿಸೀಲೆ ಬೆಂದೋನು, ವಸಿ ತಣ್ಗಿರ್ಲಿ.'
ಎದ್ದು ಸೆರಗು ಸರಿಮಾಡಿಕೊಂಡು,
'ಕರೆಂಟು ಹೋದ್ರೆ?'
ಜನರೇಟರ್ ಇದೆ.
'ಡೀಸೆಲ್ಲು ಹಾಕ್ಸಿರ್ತೀರ?'
ಹಾಕ್ಸಿರ್ತೀವಿ.
'ಯಾರು ನೋಡ್ಕತಾರೆ ಅದ್ನ?'
ಯಾರೋ ಇರ್ತಾರೆ, ಅಂದೆ. ಅವಳಿಗದು ಸಾಲಲಿಲ್ಲ.

ಸಂಜೆ ಗಾರ್ಡು ಅಚ್ಚು ಒಡೆದು ಎಲ್ಲರಿಗೂ ಹಂಚಿದ.
ಹದ ಸ್ವಲ್ಪ ಮೀರಿತ್ತು, ಹಲ್ಲಿಗೆ ಗಟ್ಟಿ,
ಹೊಸಬ ಯಾರೋ ಇಳಿಸಿರಬೇಕು.

ಕ್ಯಾಂಪಸ್ಸಿನ ಹಿಂದೆಯೇ ನನ್ನ ಬಾಡಿಗೆ ಕೋಣೆ.
ಮೊನ್ನೆ ರಾತ್ರಿ ಗಾಳಿಗೆ ಬೀದಿಯೆಲ್ಲ ಕತ್ತಲಾಯಿತು,
ಬೆಟ್ಟದ ದೀಪಸಾಲೂ ಆರಿತು.
ಎದ್ದು ಕೂತು ಎಣಿಸತೊಡಗಿದೆ.
ಏಳು, ಎಂಟು, ಒಂಬತ್ತು.
ಗೋಡೆಯಾಚೆ ಜನರೇಟರು ಕೆಮ್ಮಿತು, ನಿಂತಿತು,
ಮತ್ತೆ ಕೆಮ್ಮಿತು.